ರಾಕೆಟ್ ಕಾಣುವ ಜಾಗ ಹುಡುಕಿದ ಕೋನಪ್ಪ

ಶಿಡ್ಲಘಟ್ಟದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಾನು ಟೀಚರಾಗಿ ಬಂದದ್ದು 1961ರ ಜೂನ್ ತಿಂಗಳಲ್ಲಿ. ಬೆಂಗಳೂರಿನ ಬಸ್ಸಿನಿಂದ ಟ್ರಂಕು, ಹಾಸಿಗೆ ಸುರುಳಿ ಮತ್ತು ನನ್ನ ತಾಯಿಯನ್ನು ಇಳಿಸಿಕೊಂಡು ಶಾಲೆಯ ಗೇಟಿನ ಹತ್ತಿರ ನಿಂತಾಗ, ಒಂದು ಕಾಲೆಳೆಯುತ್ತ ಬಂದು ಮಾತಾಡಿಸಿದವರು ಜವಾನ ಕೋನಪ್ಪ. ನಮಗೆ ಗೊತ್ತುಮಾಡಿದ್ದ ಬಾಡಿಗೆ ಮನೆ ಎಲ್ಲಿ ಎಂದು ಕೇಳಿದೆ.

"ಇಲ್ಲಿಂದ ಪಡುವ್ಲಿಗೆ ಮೂರು ಸರಪಳಿ ಹೋಗಿ, ಬಡಗ್ಲಿಗೆ ತಿರುಗಿ ಒಂದು ಸರಪಳಿ ನಡೀರಮ್ಮ. ನೀಲಿ ಬಾಗಿಲು" ಎಂದರು.

ನಾನು ಕಣ್ಣು ಕಣ್ಣು ಬಿಟ್ಟೆ. ನನ್ನ ತಾಯಿ ಮೆಲ್ಲಗೆ, "ಎಡಕ್ಕೋ ಬಲಕ್ಕೋ ಕೇಳೇ" ಎಂದರು. ಕೋನಪ್ಪನವರಿಗೆ ಎಡ ಬಲದ ಲೆಕ್ಕವೇ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ನೀರಿನ ಗಡಿಗೆ ಎಲ್ಲಿದೆ ಎಂದು ಮಕ್ಕಳು ಕೇಳಿದರೂ "ಬಾಗಿಲಿಂದ ಮೂಡ್ಲು ಮೂಲೇಲಿ" ಎನ್ನುತ್ತಿದ್ದರು. ನಮ್ಮ ಶಾಲೆಯ ಹುಡುಗಿಯರಿಗೆ ದಿಕ್ಕುಗಳನ್ನು ನಾನು ಕಲಿಸಬೇಕಾಗಿ ಬರಲೇ ಇಲ್ಲ.

ಅವರು ಹದಿಮೂರು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಸರಪಳಿ ಹಿಡಿದವರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕಿನ ಬೆಟ್ಟ ಗುಟ್ಟೆಗಳಲ್ಲಿ ಅವರು ಬಾವುಟ ನೆಡದ ನೆತ್ತಿ ಕಡಿಮೆ. ಓದು ಎರಡನೆಯ ಕ್ಲಾಸಿಗೇ ನಿಂತಿತ್ತು. ಆದರೆ ಅವರ ಸರ್ವೇಯರ್ ವೆಂಕಟೇಶಮೂರ್ತಿಗಳು ದುರ್ಬೀನಿನಲ್ಲಿ ಕೋನ ಹಿಡಿಯುವುದನ್ನೂ, ದುರ್ಬೀನಿಲ್ಲದೆ ಬರಿಗೈಯಲ್ಲಿ ಅಂದಾಜು ಮಾಡುವುದನ್ನೂ ಹೇಳಿಕೊಟ್ಟಿದ್ದರು. ತೋಳು ನೀಳವಾಗಿ ಚಾಚಿ ಮುಷ್ಟಿ ಕಟ್ಟಿ ಒಂದು ಕಣ್ಣು ಮುಚ್ಚಿದರೆ, ಆ ಮುಷ್ಟಿ ಮರೆಮಾಡುವ ಆಕಾಶ ಹತ್ತು ಡಿಗ್ರಿ. ಒಂದು ಬೆರಳು ಮರೆಮಾಡುವುದು ಎರಡು ಡಿಗ್ರಿ. "ಕೋನ ಅಳೆಯೋನಿಗೆ ಕೋನಪ್ಪ ಅಂತ ಹೆಸರು. ನಿಮ್ಮಮ್ಮ ಮೊದಲೇ ಯೋಚನೆ ಮಾಡಿದ್ಲೇನೋ" ಎಂದು ಮೂರ್ತಿಗಳು ನಗುತ್ತಿದ್ದರಂತೆ.

1958ರಲ್ಲಿ ಚಿಂತಾಮಣಿ ಕಡೆಯ ಅಂಬಾಜಿದುರ್ಗದ ಬಂಡೆಯ ಮೇಲೆ, ಹಿಂದಿನ ರಾತ್ರಿಯ ಸೋನೆಗೆ ಜಾರುತ್ತಿದ್ದ ಪಾಚಿಯಲ್ಲಿ, ಕೋನಪ್ಪ ಕಾಲು ತಪ್ಪಿ ಎರಡು ಆಳೆತ್ತರದಷ್ಟು ಕೆಳಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಮೂರ್ತಿಗಳು ಹಳ್ಳಿಯಿಂದ ಒಂದು ಮಂಚ ತರಿಸಿ, ಒಂದು ಮೂಲೆಗೆ ತಾವೇ ಹೆಗಲು ಕೊಟ್ಟು ನಾಲ್ಕು ಮೈಲಿ ಹೊತ್ತು ರಸ್ತೆಗೆ ತಂದರು. ಬ್ರಾಹ್ಮಣರು, ಗೆಜೆಟೆಡ್ ಅಲ್ಲದಿದ್ದರೂ ಸಾಹೇಬರು, ಬೂಟು ಬಿಚ್ಚಿ ಬರಿಗಾಲಿನಲ್ಲಿ ನಡೆದರಂತೆ, ಜಾರಬಾರದೆಂದು. ಮೂಳೆ ಕೂಡಿಕೊಂಡರೂ ಕಾಲು ಗಿಡ್ಡವಾಯಿತು. ಬೆಟ್ಟ ಹತ್ತುವ ಕೆಲಸ ಮುಗಿಯಿತು. ನಿವೃತ್ತಿಗೆ ಮೊದಲು ಮೂರ್ತಿಗಳು ಕಚೇರಿಯಿಂದ ಕಚೇರಿಗೆ ಅಲೆದು ಈ ಶಾಲೆಯ ಕೆಲಸ ಕೊಡಿಸಿದರು. ಇದನ್ನೆಲ್ಲ ಕೋನಪ್ಪ ನನಗೆ ಒಮ್ಮೆಲೇ ಹೇಳಲಿಲ್ಲ. ಗಂಟೆ ಹೊಡೆಯುವ ಮಧ್ಯೆ, ಹಲಗೆ ಒರೆಸುವ ಮಧ್ಯೆ, ತುಂಡು ತುಂಡಾಗಿ ಎರಡು ವರ್ಷ ಹೇಳಿದರು.

1963ರ ನವೆಂಬರ್ ಇಪ್ಪತ್ತೆರಡು, ಶುಕ್ರವಾರ. ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಕೋನಪ್ಪ ಪೊರಕೆ ಹಿಡಿದು ಸುಮ್ಮನೆ ನಿಂತಿದ್ದರು.

"ಅಮ್ಮಾ, ನಿನ್ನೆ ಸಾಯಂಕಾಲ ನಾನೊಂದು ನೋಡ್ದೆ. ಯಾರಿಗೆ ಹೇಳಿದ್ರೂ ನಗ್ತಾವ್ರೆ. ನೀವೂ ನಗೋ ಹಾಗಿದ್ರೆ ಹೇಳಲ್ಲ."

"ನಗಲ್ಲ, ಹೇಳಿ."

ಊರಿಗೆ ಮೂರು ಮೈಲಿ ದೂರದ ಗುಟ್ಟೆಯ ಪಕ್ಕದಲ್ಲಿ ಅವರದೊಂದು ಹಿಪ್ಪುನೇರಳೆ ತೋಟವಿತ್ತು. ಹೆಂಡತಿ ಓಬಳಮ್ಮನ ಜೊತೆ ಹುಳುವಿಗೆ ಸೊಪ್ಪು ಕೊಯ್ದು, ಹೊರೆ ಕಟ್ಟಿ ಏಳುವ ಹೊತ್ತಿಗೆ ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ತೆಂಕಣ ಆಕಾಶದಲ್ಲಿ, ನೆಲದ ಅಂಚಿನಿಂದ ಅಷ್ಟೇನೂ ಮೇಲಲ್ಲ, ಹಳದಿಯೂ ಅಲ್ಲದ ಕೆಂಪೂ ಅಲ್ಲದ ಒಂದು ಎಳೆ ಹೊಳೆಯಿತು. ನೂಲು ತೆಗೆಯುವ ಬಾಣಲೆಯಿಂದ ರೇಷ್ಮೆ ಎಳೆ ಮೇಲೇಳುವ ಹಾಗೆ ಎದ್ದು, ನೋಡುನೋಡುತ್ತ ದಪ್ಪವಾಗಿ, ಸೊಟ್ಟಗಾಗಿ, ಹರಡಿ, ಮಾಸಿತು. ಓಬಳಮ್ಮ ಸೊಪ್ಪಿನ ಹೊರೆ ಬಿಸಾಕಿ, "ಅಯ್ಯೋ ದೇವುಡಾ, ಏನು ಕೇಡು ಕಾದೈತೋ" ಎಂದು ಕಣ್ಣು ಮುಚ್ಚಿಕೊಂಡರಂತೆ. ಕೋನಪ್ಪ ಮಾತ್ರ ತೋಳು ಚಾಚಿ ಮುಷ್ಟಿ ಹಿಡಿದು ಅಳೆದರು. ಎಳೆಯ ತುದಿ ಅಂಚಿನಿಂದ ಒಂದೂವರೆ ಮುಷ್ಟಿ ಎತ್ತರ. ಮಾಸುವ ಮೊದಲು ಎರಡು ಕಲ್ಲು ತಂದು, ಒಂದರ ಹಿಂದೊಂದು ಅದೇ ದಿಕ್ಕಿಗೆ ಗುರಿಯಾಗಿ ಇಟ್ಟರು.

"ಹೋಟ್ಲಲ್ಲಿ ಹೇಳಿದ್ರೆ ಹೆಂಡ ಕುಡಿದಿದ್ದೀಯ ಅಂದ್ರು. ನಾನು ಕುಡಿಯೋನಲ್ಲಮ್ಮ. ನಂಗೆ ಬುದ್ಧಿಗಿದ್ಧಿ ಕೆಟ್ಟೈತಾ?"

ಧೂಮಕೇತು ಇರಬಹುದು ಎಂದೆ. ಅವರು ತಲೆ ಅಲ್ಲಾಡಿಸಿದರು. ಧೂಮಕೇತು ಹದಿನೈದು ನಿಮಿಷದಲ್ಲಿ ಹುಟ್ಟಿ ಸಾಯುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಬೆಂಗಳೂರಿನ ಪತ್ರಿಕೆ ಬಂತು. ಹೆಡ್‌ಮಿಸ್ಟ್ರೆಸ್ ಗೋದಮ್ಮನವರು ಓದಿ ಮಡಿಸಿಟ್ಟ ಮೇಲೆ ನಾನು ತೆಗೆದು ನೋಡಿದೆ. ತಿರುವನಂತಪುರದ ಹತ್ತಿರ ತುಂಬಾ ಎಂಬ ಮೀನುಗಾರರ ಊರಿನಿಂದ ಗುರುವಾರ ಸಂಜೆ ಆರು ಇಪ್ಪತ್ತೈದಕ್ಕೆ ರಾಕೆಟ್ ಹಾರಿಸಿದ್ದಾರೆ. ಅದು ಬಹಳ ಎತ್ತರದಲ್ಲಿ ಸೋಡಿಯಂ ಆವಿಯನ್ನು ಬಿಟ್ಟಿದೆ. ನೆಲದಲ್ಲಿ ಕತ್ತಲಾಗಿದ್ದರೂ ಅಷ್ಟು ಮೇಲೆ ಬಿಸಿಲಿರುವುದರಿಂದ ಆ ಆವಿ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ.

ಊಟಕ್ಕೆ ಕೂತಿದ್ದ ಕೋನಪ್ಪನವರನ್ನು ಅಲ್ಲೇ ಕೂರಿಸಿ ಪೂರ್ತಿ ಓದಿ ಹೇಳಿದೆ. ಅವರು ಕೈ ತೊಳೆಯುವುದನ್ನೂ ಮರೆತು ಕೇಳಿದರು. "ಇನ್ನೊಂದ್ಸಲ ಓದಿ" ಎಂದರು. ಓದಿದೆ.

"ಹಂಗಾದ್ರೆ ನಂಗೇನೂ ಆಗಿಲ್ಲ" ಎಂದರು. ಆಮೇಲೆ ಎದ್ದು ಕೈ ಮುಗಿದರು. "ಅಮ್ಮಾ, ನೀವು ಓದಿ ಹೇಳದಿದ್ರೆ ನಾನು ಸಾಯೋ ತನಕ ಸುಳ್ಳುಗಾರನಾಗೇ ಇರ್ತಿದ್ದೆ."

ಆ ಭಾನುವಾರ ಭೂಗೋಳದ ಪೆಟ್ಟಿಗೆಯಲ್ಲಿದ್ದ ದಿಕ್ಸೂಚಿ, ಅಟ್ಲಾಸು ಹಿಡಿದು ನಾನು ಅವರ ತೋಟಕ್ಕೆ ಹೋದೆ. ಎರಡು ಕಲ್ಲುಗಳು ಇಟ್ಟಂತೆಯೇ ಇದ್ದವು. ಅಟ್ಲಾಸಿನಲ್ಲಿ ದಾರ ಹಿಡಿದು ಅಳೆದರೆ ಶಿಡ್ಲಘಟ್ಟದಿಂದ ತುಂಬಾ ಸುಮಾರು ಮುನ್ನೂರ ನಲವತ್ತು ಮೈಲಿ. ದಿಕ್ಕು ನೇರ ದಕ್ಷಿಣವಲ್ಲ, ಹತ್ತು ಹನ್ನೊಂದು ಡಿಗ್ರಿ ಪಶ್ಚಿಮಕ್ಕೆ. ದಿಕ್ಸೂಚಿಯನ್ನು ಹಿಂದಿನ ಕಲ್ಲಿನ ಮೇಲಿಟ್ಟು ಮುಂದಿನ ಕಲ್ಲಿನತ್ತ ನೋಡಿದೆ. ಅದೂ ಹಾಗೆಯೇ ಇತ್ತು. ಎರಡನೆಯ ಕ್ಲಾಸು ಓದಿದ ಒಬ್ಬರು, ಹೆದರಿದ ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕತ್ತಲಾಗುತ್ತಿರುವಾಗ ಇಟ್ಟ ಎರಡು ಕಲ್ಲು ನನ್ನ ಅಟ್ಲಾಸಿಗೆ ಸರಿಹೊಂದಿದ್ದು ಕಂಡು ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

"ಇದನ್ನ ನಮ್ಮ ಮಕ್ಕಳಿಗೆಲ್ಲ ತೋರಿಸ್ಬೇಕಮ್ಮ" ಎಂದರು ಕೋನಪ್ಪ. "ಮುಂದಿನ ಸಲ ಬಿಟ್ಟಾಗ. ಆದ್ರೆ ಜಾಗ ಇದಲ್ಲ. ಇಲ್ಲಿ ಹಾವು ಜಾಸ್ತಿ, ದಾರಿ ಸರಿಯಿಲ್ಲ. ಒಳ್ಳೆ ಜಾಗ ಹುಡುಕ್ಬೇಕು."

ಮಾರನೆಯ ವಾರದಿಂದಲೇ ಹುಡುಕಾಟ ಶುರುವಾಯಿತು. ಊರೊಳಗಿಂದ ನೋಡುವಂತಿರಲಿಲ್ಲ. ಸಂಜೆಯಾದರೆ ರೇಷ್ಮೆ ಗೂಡು ಬೇಯಿಸುವ ಒಲೆಗಳ ಹೊಗೆ ಇಡೀ ಊರಿನ ಮೇಲೆ ಕೂರುತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಗಾಡಿ, ಅದೂ ಇಲ್ಲದಿದ್ದರೆ ಕೋಲೂರಿಕೊಂಡು ಕೋನಪ್ಪ ಹೊರಡುತ್ತಿದ್ದರು. ಸೋಮವಾರ ಬೆಳಿಗ್ಗೆ ಬಂದು ಹೇಳುತ್ತಿದ್ದರು, ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎನ್ನುವುದು ಕರಾರು.

"ಗೌರಿಬಿದನೂರು ದಾರಿಯ ಗುಟ್ಟೆ: ತೆಂಕ್ಲು ಕಡೆ ಮೂರು ಬೆರಳು ಬೆಟ್ಟ ಅಡ್ಡ. ನೀರಿಲ್ಲ. ಜೇನು ಇದೆ, ಮಕ್ಕಳು ಬೇಡ."

"ಮುದ್ದೇನಹಳ್ಳಿ ಹೊಲ: ನಂದಿ ಬೆಟ್ಟ ಒಂದು ಮುಷ್ಟಿ ಆಕಾಶ ತಿಂದುಬಿಡುತ್ತೆ. ಆಗಲ್ಲ."

"ನಂದಿ ಬೆಟ್ಟದ ಮೇಲೆ: ಬಹಳ ಚೆನ್ನ. ಆದರೆ ಹತ್ತು ಸಲ ಹೋದರೆ ಒಂಬತ್ತು ಸಲ ಮಂಜು."

"ಇಟ್ಟಿಗೆ ಗೂಡಿನ ಹತ್ತಿರದ ದಿಣ್ಣೆ: ಜಾಗ ಸರಿ, ಗಾಳಿ ತಿರುಗಿದರೆ ಹೊಗೆ. ಗೂಡಿನ ಯಜಮಾನ ಬಯ್ಯಪ್ಪ ಒಳ್ಳೇವರು, ಕಾಫಿ ಕೊಟ್ಟರು."

ನೋಟ್‌ಬುಕ್ಕಿನ ತುಂಬ ಹೀಗೆ ಒಳ್ಳೆಯವರೇ ಇದ್ದಾರೆ. ಎಲ್ಲಿ ಯಾರು ಮಜ್ಜಿಗೆ ಕೊಟ್ಟರು, ಯಾರು ಗಾಡಿಯಲ್ಲಿ ಹತ್ತಿಸಿಕೊಂಡರು, ಯಾರು ಮಳೆ ಬಂದಾಗ ಜಗುಲಿಗೆ ಕರೆದರು ಎನ್ನುವುದನ್ನೂ ಬರೆಸುತ್ತಿದ್ದರು. "ರಾಕೆಟ್‌ಗೂ ಮಜ್ಜಿಗೆಗೂ ಏನು ಸಂಬಂಧ ಕೋನಪ್ಪ?" ಎಂದು ಕೇಳಿದರೆ, "ಅವ್ರು ಕೊಡದಿದ್ರೆ ನಾನು ಆ ಗುಟ್ಟೆ ಹತ್ತೋಕಾಗ್ತಿತ್ತಾ?" ಎನ್ನುತ್ತಿದ್ದರು.

1964ರ ದಸರಾ ರಜೆಯಲ್ಲಿ ಅಂಬಾಜಿದುರ್ಗಕ್ಕೂ ಹೋಗಿಬಂದರು. ಓಬಳಮ್ಮ ಎರಡು ದಿನ ಅನ್ನ ಬಿಟ್ಟು ಜಗಳವಾಡಿದ್ದರು. ಬಂದ ಮೇಲೆ ಕೋನಪ್ಪ ಹೇಳಿದರು:

"ಬಿದ್ದ ಬಂಡೆ ಹತ್ರ ಕೂತಿದ್ದೆ. ಸ್ವಲ್ಪ ಹೊತ್ತು ಅಳು ಬಂತು. ಆಮೇಲೆ ಮುಷ್ಟಿ ಹಿಡಿದು ನೋಡ್ದೆ. ತೆಂಕ್ಲು ಕಡೆ ಅಡ್ಡ ಅನ್ನೋದೇ ಇಲ್ಲ ಅಮ್ಮ. ನಾನು ನೋಡಿದ್ರಲ್ಲೆಲ್ಲ ಒಳ್ಳೆ ಜಾಗ. ಅವತ್ತು ಬೀಳೋ ಗಡಿಬಿಡೀಲಿ ಗಮನಿಸ್ಲಿಲ್ಲ."

ಆದರೆ ಅಲ್ಲಿಗೆ ಹುಡುಗಿಯರನ್ನು ಹತ್ತಿಸುವಂತಿರಲಿಲ್ಲ. ಕೊನೆಗೆ ಊರಿನಿಂದ ಎರಡು ಮೈಲಿಯ ಒಂದು ಬೋಳು ಗುಟ್ಟೆಯನ್ನು ಆರಿಸಿದರು.

ರಾಕೆಟ್ ಯಾವಾಗ ಹಾರಿಸುತ್ತಾರೆ ಎಂದು ತಿಳಿಯುವುದು ಹೇಗೆ? ನನ್ನ ಅಣ್ಣ ಅನಂತರಾಮಯ್ಯ ತಿರುವನಂತಪುರದಲ್ಲಿ ಗುಮಾಸ್ತನಾಗಿದ್ದ. ಹಾರಿಸುವ ಮೊದಲು ಸಮುದ್ರಕ್ಕೆ ಇಳಿಯಬೇಡಿ ಎಂದು ಮೀನುಗಾರರಿಗೆ ಹೇಳುತ್ತಾರೆ, ಮೀನು ಮಾರುವವರಿಂದ ಆ ಸುದ್ದಿ ಊರಿಗೆಲ್ಲ ಹರಡುತ್ತದೆ ಎಂದು ಅವನು ಬರೆದಿದ್ದ. ಸಂಜೆ ಹಾರಿಸುವ ಸುದ್ದಿ ಸಿಕ್ಕ ತಕ್ಷಣ ಶಾಲೆಯ ವಿಳಾಸಕ್ಕೆ ತಂತಿ ಕೊಡು ಎಂದು ಕೇಳಿಕೊಂಡೆ.

1965ರ ಜನವರಿಯಲ್ಲಿ ತಂತಿ ಬಂತು. ತಂತಿ ಎಂದರೆ ಸಾವಿನ ಸುದ್ದಿ ಎಂದೇ ತಿಳಿದಿದ್ದ ಕಾಲ. ಗೋದಮ್ಮನವರು ಲಕೋಟೆ ಒಡೆಯದೆ ಹಿಡಿದುಕೊಂಡು ನನ್ನ ಕ್ಲಾಸಿಗೆ ಬಂದು, "ಸಾವಿತ್ರಮ್ಮ, ಮೊದಲು ಕೂತ್ಕೊಳ್ಳಿ. ನೀರು ಕುಡೀರಿ" ಎಂದರು. ನಾನು ಒಡೆದು ಓದಿ ನಕ್ಕುಬಿಟ್ಟೆ. ನಾಳೆ ಸಂಜೆ ರಾಕೆಟ್, ಅಷ್ಟೇ ಇತ್ತು. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೂ ಗುಟ್ಟೆಗೆ ಮಕ್ಕಳನ್ನು ಕರೆದೊಯ್ಯಲು ಒಪ್ಪಿಗೆ ಕೊಟ್ಟರು.

ನಲವತ್ತು ಹುಡುಗಿಯರು, ಹತ್ತು ಹದಿನೈದು ಮಂದಿ ತಾಯಿ ತಂದೆಯರು, ಚಿತ್ರಾನ್ನದ ಡಬ್ಬಿಗಳು. ಕೋನಪ್ಪ ಒಗೆದ ಪಂಚೆ ಉಟ್ಟು, ಯಾರು ಎಲ್ಲಿ ಕೂರಬೇಕೆಂದು ಬಂಡೆಯ ಮೇಲೆ ಸುಣ್ಣದ ಗೆರೆ ಹಾಕಿದ್ದರು. ಆಕಾಶ ಕನ್ನಡಿಯ ಹಾಗಿತ್ತು. ಹೊತ್ತು ಮುಳುಗಿತು, ಕತ್ತಲಾಯಿತು, ಚಳಿ ಬಿತ್ತು. ಏನೂ ಕಾಣಲಿಲ್ಲ. ಎಂಟು ಗಂಟೆಗೆ ಒಬ್ಬಳಿಗೆ ಮುಳ್ಳು ಚುಚ್ಚಿ, ಇನ್ನೊಬ್ಬಳು ಅಳತೊಡಗಿ, ಲಾಂದ್ರ ಹಿಡಿದು ಎಲ್ಲರೂ ಇಳಿದೆವು. ಒಬ್ಬ ತಂದೆ ಕೋನಪ್ಪನವರ ಎದುರಿಗೇ, "ಕುಂಟನ ಮಾತು ಕೇಳಿ ಬೆಟ್ಟ ಹತ್ತಿದ್ದು ನಮ್ಮ ತಪ್ಪು" ಎಂದ. ಕೋನಪ್ಪ ಕೊನೆಯ ಹುಡುಗಿ ಮನೆ ಸೇರುವವರೆಗೂ ಲಾಂದ್ರ ಹಿಡಿದು ಜೊತೆಗೇ ನಡೆದರು.

ವಾರದ ಮೇಲೆ ಅಣ್ಣನ ಕಾಗದ ಬಂತು. ರಾಕೆಟ್ ಸರಿಯಾಗಿಯೇ ಹಾರಿತ್ತು. ಆದರೆ ಆ ಸಲ ಅದರಲ್ಲಿ ಆವಿ ಇರಲಿಲ್ಲ, ಗಾಳಿ ಅಳೆಯುವ ಉಪಕರಣ ಮಾತ್ರ ಇತ್ತು. ಶಾಲೆಯ ಹೆಸರಿನಲ್ಲಿ ಇನ್ನು ಇಂಥದ್ದು ಬೇಡ ಎಂದು ಗೋದಮ್ಮನವರು ಹೇಳಿದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ನಾನು ಕೋನಪ್ಪನವರಿಗೆ ಸಮಾಧಾನ ಹೇಳಲು ಹೋದೆ.

"ಬೇಜಾರಿಲ್ಲಮ್ಮ" ಎಂದರು. "ಆದ್ರೆ ನಾನು ಒಂದು ತಪ್ಪು ಮಾಡ್ದೆ. ಬೆಟ್ಟ ಬೆಟ್ಟ ಅಂತ ಹೋದೆ. ಬರೋವ್ರಿಗೆ ಹತ್ತೋ ಕಷ್ಟ, ಇಳಿಯೋ ಕಷ್ಟ. ಏನೂ ಕಾಣದಿದ್ರೂ ಜನ ಸುಖವಾಗಿ ಮನೆಗೆ ಹೋಗೋ ಹಾಗಿರ್ಬೇಕು ಜಾಗ."

ಅಂಥ ಜಾಗ ಸಿಕ್ಕಿದ್ದು ಹುಡುಕುವಾಗಲ್ಲ. ಕೋನಪ್ಪ ಪ್ರತಿ ವರ್ಷ ಅವರೆಕಾಯಿಯ ಕಾಲದಲ್ಲಿ ಒಂದು ಚೀಲ ಕಾಯಿ ಹೊತ್ತು ವೆಂಕಟೇಶಮೂರ್ತಿಗಳನ್ನು ನೋಡಲು ಮುದ್ದೇನಹಳ್ಳಿಗೆ ಹೋಗುತ್ತಿದ್ದರು. ನಿವೃತ್ತರಾದ ಮೇಲೆ ಮೂರ್ತಿಗಳು ಅಲ್ಲಿ ಮಗಳ ಮನೆಯಲ್ಲಿದ್ದರು. 1966ರ ಜನವರಿಯಲ್ಲಿ ಅಲ್ಲಿಂದ ಹಿಂದಿರುಗುವಾಗ, ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ನಡುವೆ ಬಸ್ಸಿನ ಚಕ್ರ ಪಂಕ್ಚರಾಯಿತು. ಜನರೆಲ್ಲ ಇಳಿದು ರಸ್ತೆ ಪಕ್ಕದ ಕೆರೆಯ ಏರಿ ಮೇಲೆ ಕೂತರು. ಸಂಜೆಯಾಗುತ್ತಿತ್ತು. ಎದುರಿಗೆ ನೀರು, ನೀರಿನಾಚೆ ಗದ್ದೆ, ಗದ್ದೆಯಾಚೆ ಬಯಲು. ಕೋನಪ್ಪ ಸೂರ್ಯನನ್ನು ನೋಡಿದರು, ತೋಳು ಚಾಚಿದರು. ಅವರು ಕೂತಿದ್ದ ಕಡೆಯಿಂದ ನೇರ ತೆಂಕಣಕ್ಕೆ, ಒಂದು ಮುಷ್ಟಿ ಪಡುವಣಕ್ಕೆ, ಅಡ್ಡವಾಗಿ ಒಂದು ಬೆರಳಿನಷ್ಟೂ ಬೆಟ್ಟವಿರಲಿಲ್ಲ. ಹೊಗೆ ಇಲ್ಲ, ದೀಪವಿಲ್ಲ. ಏರಿಯ ಮೇಲೆ ಜಟಕಾ ಓಡುವಷ್ಟು ಅಗಲ.

"ಆ ದಾರೀಲಿ ಹತ್ತು ವರ್ಷದಿಂದ ಓಡಾಡ್ತಿದ್ದೀನಮ್ಮ" ಎಂದು ಬಂದು ಹೇಳಿದರು. "ಆ ಟೈರು ಪಂಕ್ಚರ್ ಆಗಿದ್ದಕ್ಕೆ ನಾನು ಡ್ರೈವರ್‌ಗೆ ಕೈ ಮುಗಿದೆ. ಅವ್ನು ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡ."

ಅದೇ ದಿನ ಇನ್ನೊಂದು ವಿಷಯವನ್ನೂ ಹೇಳಿದರು. ಮೂರ್ತಿಗಳಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಇಡೀ ದಿನ ಜಗುಲಿಯ ಮೇಲೆ ಬೆಟ್ಟಕ್ಕೆ ಎದುರಾಗಿ ಕೂರುತ್ತಿದ್ದರು. ರಾಕೆಟ್ ಕಥೆಯನ್ನೆಲ್ಲ ಕೇಳಿ, "ನಾಲ್ಕು ತಾಲ್ಲೂಕಿನ ಬೆಟ್ಟ ಅಳೆದೋನು ಈಗ ಒಂದು ಬೆಟ್ಟದ ಹಿಂದೆ ಕೂತಿದ್ದೀನಿ ನೋಡೋ" ಎಂದಿದ್ದರಂತೆ. ಕೋನಪ್ಪ ಆ ಮಾತನ್ನು ಹೇಳಿ ಮುಖ ತಿರುಗಿಸಿಕೊಂಡರು.

ಮುಂದಿನ ಒಂದು ವರ್ಷದಲ್ಲಿ ಎರಡು ತಂತಿ ಬಂದವು. ಆದರೆ ಮೋಸ ಹೋದ ಮೇಲೆ ನಾವು ಬುದ್ಧಿ ಕಲಿತಿದ್ದೆವು. ಆವಿ ಬಿಡುವ ರಾಕೆಟ್ ಆದರೆ ಮಾತ್ರ "ಬಣ್ಣ" ಎಂಬ ಪದ ಸೇರಿಸು ಎಂದು ಅಣ್ಣನಿಗೆ ಬರೆದಿದ್ದೆ. ಆ ಎರಡರಲ್ಲೂ ಬಣ್ಣವಿರಲಿಲ್ಲ. 1967ರ ಮಾರ್ಚ್‌ನಲ್ಲಿ ಬಂದ ತಂತಿಯಲ್ಲಿ ಇತ್ತು.

ಶಾಲೆಯ ಹೆಸರಿನಲ್ಲಿ ಯಾರನ್ನೂ ಕರೆಯುವಂತಿರಲಿಲ್ಲ. ಮನೆಯಲ್ಲಿ ಒಪ್ಪಿಸಿಕೊಂಡು ಬಂದವರು ಏಳು ಹುಡುಗಿಯರು, ಜೊತೆಗೆ ಓಬಳಮ್ಮ, ನನ್ನ ತಾಯಿ, ನಾನು. ಸಂಜೆಯ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಗೋದಮ್ಮನವರು ಕೂತಿದ್ದರು. "ಮಕ್ಕಳು ಕೆರೆ ಹತ್ರ ಹೋಗ್ತಿದ್ದಾರೆ ಅಂತ ಕೇಳ್ದೆ. ನೋಡಿಕೊಳ್ಳೋವ್ರು ಬೇಕಲ್ಲ" ಎಂದರು, ನನ್ನ ಕಡೆ ನೋಡದೆ.

ಕೋನಪ್ಪ ರಜೆ ಹಾಕಿ ಬೆಳಿಗ್ಗೆಯೇ ಮುದ್ದೇನಹಳ್ಳಿಗೆ ಹೋಗಿದ್ದರು. ಮೂರ್ತಿಗಳ ಮಗಳು ಮೊದಲು ಒಪ್ಪಿರಲಿಲ್ಲವಂತೆ. "ಅಮ್ಮಾ, ನಾನೊಬ್ಬನೇ ಎತ್ತಿ ಕೂರಿಸ್ತೀನಿ, ನಾನೊಬ್ಬನೇ ಎತ್ತಿ ಇಳಿಸ್ತೀನಿ. ಅವ್ರ ಕಾಲು ನೆಲ ಮುಟ್ಟಲ್ಲ" ಎಂದು ಬೇಡಿಕೊಂಡರಂತೆ. ನಾವು ಬಸ್ಸಿಳಿದು ಏರಿ ಹತ್ತುವಾಗ ಜಟಕಾ ಆಗಲೇ ಬಂದು ನಿಂತಿತ್ತು. ಕುದುರೆ ಬಿಚ್ಚಿ, ಗಾಡಿಯ ಹಿಂಭಾಗವನ್ನು ತೆಂಕಣಕ್ಕೆ ತಿರುಗಿಸಿ, ಮೂರ್ತಿಗಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ತೆಳ್ಳನೆಯ ಮುದುಕರು, ತಲೆಗೆ ಮಫ್ಲರು. ನನ್ನನ್ನು ಕಂಡು ಬಲಗೈ ಎತ್ತಿ, "ನೋಟ್‌ಬುಕ್ಕು ಬರೆಯೋ ಟೀಚರು ನೀವೇ ಅಲ್ವಾ" ಎಂದರು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು.

ಹೊತ್ತು ಮುಳುಗಿತು. ಕೊಕ್ಕರೆಗಳು ನೀರು ಬಿಟ್ಟು ಮರಕ್ಕೆ ಹಾರಿದವು. ದಕ್ಷಿಣದಲ್ಲಿ ಮೊದಲು ಅಗಸ್ತ್ಯ ನಕ್ಷತ್ರ ಕಂಡಿತು. ಕೋನಪ್ಪ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೇಳಿದರು:

"ಆ ನಕ್ಷತ್ರ ನೋಡ್ರಮ್ಮ. ಅದರ ಕೆಳಗೆ ಒಂದು ಮುಷ್ಟಿ ಇಳೀರಿ. ಅಲ್ಲಿಂದ ಪಡುವ್ಲಿಗೆ ಒಂದು ಮುಷ್ಟಿ ಹೋಗಿ. ಅಲ್ಲೇ ಕಣ್ಣಿಡಿ."

ಏಳು ಪುಟ್ಟ ತೋಳುಗಳು ಎದ್ದವು. ಗೋದಮ್ಮನವರೂ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಸೆರಗಿನೊಳಗಿನಿಂದ ಕೈ ಚಾಚಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ಈ ಸಲವೂ ಕಾಣದಿದ್ದರೆ ಕೋನಪ್ಪನವರ ಮುಖ ಹೇಗೆ ನೋಡಲಿ ಎನ್ನುವುದೇ ಚಿಂತೆ. ಕದಿರಮ್ಮ ಎಂಬ ಏಳನೇ ಕ್ಲಾಸಿನ ಹುಡುಗಿಗೆ ಮೊದಲು ಕಂಡಿತು. ಅವಳು ಕೂಗಲಿಲ್ಲ. ಪಿಸುಗುಟ್ಟಿದಳು. "ಬಂತು ಟೀಚರ್."

ಕೂದಲೆಳೆಯಷ್ಟು ಸಣ್ಣಗೆ, ಹಳದಿ ಬೆರೆತ ಕಿತ್ತಳೆ ಬಣ್ಣದ ಗೆರೆಯೊಂದು ಮೇಲೇಳುತ್ತಿತ್ತು. ಸದ್ದಿಲ್ಲ, ಬೆಂಕಿಯಿಲ್ಲ. ಮುನ್ನೂರ ನಲವತ್ತು ಮೈಲಿ ದೂರದ ಸಮುದ್ರದ ದಂಡೆಯಿಂದ ಹೊರಟದ್ದು ನಮ್ಮ ಕೆರೆಯ ಮೇಲೆ ಬೆಳಗುತ್ತಿತ್ತು. ಮೇಲಿನ ಗಾಳಿಗೆ ಗೆರೆ ಒಂದು ಕಡೆ ಬಾಗಿತು, ಇನ್ನೊಂದು ಕಡೆ ಮುರಿಯಿತು, ನಿಧಾನವಾಗಿ ಊದಿ ಮೋಡದಂತಾಯಿತು. ಅದರ ಮಸುಕು ಬಣ್ಣ ನೀರಿನಲ್ಲೂ ಕಂಡ ಹಾಗಾಯಿತು. ಕಂಡಿತೋ ನನ್ನ ಭ್ರಮೆಯೋ ಹೇಳಲಾರೆ. ಮೂರು ವರ್ಷದ ಹಿಂದೆ ಹೆದರಿ ಹೊರೆ ಬಿಸಾಕಿದ್ದ ಓಬಳಮ್ಮ ಈಗ ಬಾಯಿ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದರು.

ಜಟಕಾದಲ್ಲಿ ಮೂರ್ತಿಗಳು ಬಲದೋಳು ಚಾಚಿ ಮುಷ್ಟಿ ಹಿಡಿದಿದ್ದರು. ತೋಳು ನಡುಗುತ್ತಿದ್ದುದರಿಂದ ಕೋನಪ್ಪ ಮೊಣಕೈಗೆ ತಮ್ಮ ಅಂಗೈ ಆನಿಸಿದರು.

"ಎಷ್ಟೋ?" ಎಂದರು ಮೂರ್ತಿಗಳು.

"ನೀವೇ ಹೇಳಿ ಸಾರ್."

"ಒಂದೂವರೆಗೆ ಸ್ವಲ್ಪ ಮೇಲೆ."

"ಹೌದು ಸಾರ್. ಸ್ವಲ್ಪ ಮೇಲೆ."

ಮೂರ್ತಿಗಳು ಕೈ ಇಳಿಸಿ ಬಹಳ ಹೊತ್ತು ಆ ಕಡೆಯೇ ನೋಡಿದರು. ಮೋಡ ಮಾಸಿದ ಮೇಲೂ ನೋಡುತ್ತಿದ್ದರು. ಆಮೇಲೆ, "ನನ್ನ ಹಿಂಗೆ ಹೊರಗೆ ಕರ್ಕೊಂಡು ಬರೋವ್ರು ಇನ್ನು ಯಾರೂ ಇಲ್ಲ ಅಂದ್ಕೊಂಡಿದ್ದೆ ಕಣೋ. ಬಹಳ ಸಂತೋಷ ಆಯ್ತು" ಎಂದರು. ಕೋನಪ್ಪ ಜಾರಿದ ಮಫ್ಲರನ್ನು ಕಿವಿಯ ಮೇಲೆ ಸರಿಮಾಡಿ ಕುದುರೆ ಕಟ್ಟಲು ಹೇಳಿದರು.

ಬಸ್ಸಿಗೆ ಕಾಯುವಾಗ ಗೋದಮ್ಮನವರು ಕೋನಪ್ಪನವರ ಹತ್ತಿರ ಹೋಗಿ, "ಜಾಗ ಚೆನ್ನಾಗಿದೆ" ಎಂದರು. ಸ್ವಲ್ಪ ತಡೆದು, "ಮುಂದಿನ ಸಲ ಎಲ್ಲಾ ಮಕ್ಕಳೂ ಬರಲಿ. ನಾನೇ ಚೀಟಿ ಬರೆದು ಕಳಿಸ್ತೀನಿ" ಎಂದರು. ಮುಂದಿನ ವರ್ಷ ಚಳಿಗಾಲದಲ್ಲಿ ಅವರು ಹೇಳಿದಂತೆಯೇ ಮಾಡಿದರು. ಅರವತ್ತಕ್ಕೂ ಹೆಚ್ಚು ಮಂದಿ ಆ ಏರಿಯ ಮೇಲೆ ಕೂತು ನೋಡಿದರು. ಕುಂಟನೆಂದು ಬೈದಿದ್ದ ಆ ತಂದೆಯೂ ಬಂದಿದ್ದ, ಎಲ್ಲರಿಗೂ ಕಡಲೆಕಾಯಿ ಹಂಚಿದ. ಮೂರ್ತಿಗಳು ಆ ಹೊತ್ತಿಗೆ ತೀರಿಕೊಂಡಿದ್ದರು. ಕೊನೆಯ ತಿಂಗಳುಗಳಲ್ಲಿ ಬಂದವರಿಗೆಲ್ಲ ಕೆರೆಯ ಏರಿಯ ಕಥೆಯನ್ನೇ ಹೇಳುತ್ತಿದ್ದರೆಂದು ಅವರ ಮಗಳು ಕಾಗದ ಬರೆದಿದ್ದರು.

1969ರ ಜೂನ್‌ನಲ್ಲಿ ನನಗೆ ಚಿಂತಾಮಣಿಗೆ ವರ್ಗವಾಯಿತು. ಎಂಟು ವರ್ಷದ ಹಿಂದೆ ಬಂದಾಗ ಈ ಊರಿನಲ್ಲಿ ನನಗೆ ಶಾಲೆ ಮತ್ತು ಮನೆ, ಎರಡೇ ಜಾಗ ಗೊತ್ತಿದ್ದವು. ಮದುವೆಯಾಗದ ಹೆಣ್ಣು, ತಾಯಿಯ ಜೊತೆ ಇರುವವಳು, ಸಂಜೆ ಆರಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೋಗುವಾಗ ನಾಲ್ಕು ತಾಲ್ಲೂಕಿನ ಗುಟ್ಟೆ, ಕೆರೆ, ದಾರಿ, ಮಜ್ಜಿಗೆ ಕೊಡುವ ಮನೆಗಳೆಲ್ಲ ನನ್ನವಾಗಿದ್ದವು. ಅದನ್ನು ಕೋನಪ್ಪನವರಿಗೆ ಹೇಳಬೇಕೆಂದು ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ತೆರೆದೆ. ಅವರು ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿಸುವ ಗಡಿಬಿಡಿಯಲ್ಲಿದ್ದರು. ಪಕ್ಕದಲ್ಲಿದ್ದ ಓಬಳಮ್ಮ ನನ್ನ ಕೈ ಹಿಡಿದರು.

"ನಿಮಗೊಂದು ಮಾತು ಹೇಳ್ಬೇಕಮ್ಮ" ಎಂದರು. "ಕಾಲು ಮುರಿದ ಮೇಲೆ ಈಯಪ್ಪ ಐದು ವರ್ಷ ಮನೇಲಿ ನಗಲಿಲ್ಲ. ಶಾಲೆಗೆ ಹೋಗೋದು, ಬರೋದು, ಗೋಡೆ ಕಡೆ ತಿರುಗಿ ಮಲಗೋದು. ಅವತ್ತು ನೀವು ಪೇಪರ್ ಓದಿ ಹೇಳಿದ್ರಲ್ಲ, ಆ ದಿನ ಮನೆಗೆ ಬಂದು ನನ್ನ ಮುಂದೆ ಕೂತು, ಬೆಟ್ಟ ಯಾವ್ಯಾವು ಹತ್ತಬಹುದು ಅಂತ ಎಣಿಸ್ದ. ನಾನು ಬೇಡ ಅಂತ ಜಗಳ ಆಡ್ತಿದ್ದೆ. ಬಾಯಿಗೆ ಮಾತ್ರ. ಒಳಗೆ ನಿಮ್ಮ ಹೆಸರು ಹೇಳಿ ದಿನಾ ದೀಪ ಹಚ್ತಿದ್ದೆ."

ನಾನು ಅವರ ಕೈಯನ್ನು ಹಾಗೆಯೇ ಹಿಡಿದುಕೊಂಡೆ. ಕಂಡಕ್ಟರ್ ಸೀಟಿ ಊದಿದ. ಕೋನಪ್ಪ ಮೇಲಿನಿಂದ ಹಗ್ಗದ ತುದಿ ಎಳೆದು ಗಂಟು ನೋಡಿ, "ಬಿಗಿಯಾಗೈತಮ್ಮ, ಚಿಂತಾಮಣಿ ತನಕ ಅಲ್ಲಾಡಲ್ಲ" ಎಂದು ನಗುತ್ತ ಏಣಿ ಇಳಿಯತೊಡಗಿದರು.